ಕೆಲವರ ಆಪ್ ಓಡುತ್ತೆ, ಕೆಲವರದ್ದು ಮಲಗುತ್ತೆ, ಯಾಕೆ? ಡಿಸೈನ್ ಮತ್ತೆ ಮಾರ್ಕೆಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ವರ್ಷದ ಮೇಲಾಯ್ತು, ಆಪ್ ಡಿಸೈನ್ ಮಾಡ್ಕೊಂಡೇ ಹೊಟ್ಟೆ ಹೊರ್ಕೊಂಡಿದೀನಿ. ಈಗ ಮದುವೆ ಮನೇಲಿ ಎಲೆ ಮುಂದೆ ಕೂತ್ರೂ ಪಕ್ಕದವ್ರು ಹೋಳಿಗೆ ಬರೋಕೂ ಮುಂಚೆ ಕೇಳೋದು ಇದೇ, "ಒಂದು ಆಪ್ ಮಾಡ್ಬೇಕು ಅಂತಿದೀನಿ…" ಅಂತ. ಅವ್ರು ಕೇಳಿದ್ದನ್ನ ಕೇಳಿದ ಹಾಗೇ ಬರ್ದು ಕೆಳಗೆ ಉತ್ತರ ಹಾಕಿದೀನಿ. ಸುಲಭದ್ದು ಮೊದಲು, ತಲೆ ಕೆಡಿಸೋದು ಕೊನೆಗೆ.

### ಈಗಿನ್ನೂ ಶುರು ಮಾಡ್ತಿರೋರಿಗೆ

ಅಣ್ಣ, ನನ್ನ ಹತ್ರ ಒಂದು ಸೂಪರ್ ಐಡಿಯಾ ಇದೆ, ಆಪ್ ಮಾಡ್ಸಿದ್ರೆ ಓಡುತ್ತಾ?

ಐಡಿಯಾ ಕೇಳಿ ಭವಿಷ್ಯ ಹೇಳೋಕೆ ನಾನೇನು ಗಿಣಿ ಶಾಸ್ತ್ರದವ್ನಲ್ಲ. ನಾನು ತಿರುಗಿ ಕೇಳೋದು ಒಂದೇ, ಆ ಕೆಲಸನ ಜನ ಈಗ ಹೇಗೆ ಮಾಡ್ಕೋತಿದಾರೆ? ನೋಟ್‌ಬುಕ್‌ನಲ್ಲಿ ಬರ್ಕೊಂಡೋ, ವಾಟ್ಸಾಪ್ ಗ್ರೂಪ್‌ನಲ್ಲಿ ಒದ್ದಾಡ್ಕೊಂಡೋ, ನಾಲ್ಕು ಜನಕ್ಕೆ ಫೋನ್ ಮಾಡ್ಕೊಂಡೋ ಹೇಗೋ ಮಾಡ್ತಿದಾರೆ ಅಂದ್ರೆ ಅಲ್ಲಿ ಜಾಗ ಇದೆ. ಆ ಕೆಲಸವನ್ನೇ ಯಾರೂ ಮಾಡ್ತಿಲ್ಲ ಅಂದ್ರೆ ಹೆಚ್ಚಿನ ಸಲ ಅದು ಯಾರಿಗೂ ಬೇಕಾಗಿಲ್ಲ ಅಂತಲೇ ಅರ್ಥ.

ಇನ್‌ಸ್ಟಾಗ್ರಾಂ ಮೊದಲು ಇನ್‌ಸ್ಟಾಗ್ರಾಂ ಆಗಿರ್ಲಿಲ್ಲ, ಬರ್ಬನ್ ಅಂತ ಒಂದು ಚೆಕ್-ಇನ್ ಆಪ್ ಆಗಿತ್ತು, ಎಲ್ಲಿದೀನಿ ಅಂತ ಹೇಳೋದು, ಪ್ಲ್ಯಾನ್ ಹಾಕೋದು, ಫೋಟೋ ಹಾಕೋದು ಎಲ್ಲ ತುರುಕಿದ್ರು. ಜನ ಬಳಸ್ತಿದ್ದದ್ದು ಫೋಟೋ ಒಂದನ್ನೇ. ಕೆವಿನ್ ಸಿಸ್ಟ್ರಾಮ್, ಮೈಕ್ ಕ್ರೀಗರ್ ಇಬ್ರೂ ಸೇರಿ ಮಿಕ್ಕಿದ್ದನ್ನೆಲ್ಲ ಕಿತ್ತು ಎಸೆದು 2010ರ ಅಕ್ಟೋಬರ್‌ನಲ್ಲಿ ಹೊಸ ಹೆಸರಲ್ಲಿ ಬಿಟ್ರು, ಮೊದಲ ದಿನವೇ 25 ಸಾವಿರ ಜನ. 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರ್‌ಗೆ ತಗೊಂಡಾಗ ಅಲ್ಲಿ ಕೆಲಸಕ್ಕಿದ್ದವ್ರು 13 ಜನ. ಹಾಗಾಗಿ ನಿಮ್ಮ ಐಡಿಯಾದಲ್ಲಿ ಏನು ಸೇರಿಸ್ಬೇಕು ಅಂತ ಕೇಳ್ಬೇಡಿ, ಏನು ಕೀಳ್ಬೋದು ಅಂತ ಕೇಳಿ.

ಸಕ್ಸಸ್ ಅಂದ್ರೆ ಎಷ್ಟು ಡೌನ್‌ಲೋಡ್ ಸರ್? 1 ಲಕ್ಷ ಆದ್ರೆ ಸಾಕಾ?

ಡೌನ್‌ಲೋಡ್ ಅಂದ್ರೆ ಅಂಗಡಿ ಬಾಗಿಲಲ್ಲಿ ಇಣುಕಿ ಹೋದವ್ರ ಲೆಕ್ಕ. ನಾನು ನೋಡೋದು ಬೇರೆ, ಇವತ್ತು ಹಾಕ್ಕೊಂಡ 100 ಜನದಲ್ಲಿ ನಾಳೆ ಎಷ್ಟು ಜನ ಮತ್ತೆ ಓಪನ್ ಮಾಡ್ತಾರೆ, ವಾರದ ಮೇಲೆ ಎಷ್ಟು, ತಿಂಗಳ ಮೇಲೆ ಎಷ್ಟು. ಇದಕ್ಕೆ ರಿಟೆನ್ಷನ್ ಅಂತಾರೆ. ಆದ್ರೆ ಎಲ್ಲ ಆಪಿಗೂ ದಿನಾ ತೆಗೀಲೇಬೇಕು ಅಂತೇನಿಲ್ಲ, ಹಾಲಿನ ಲೆಕ್ಕದ ಆಪ್ ದಿನಾ ತೆಗೀಬೇಕು, ಗ್ಯಾಸ್ ಬುಕ್ ಮಾಡೋದನ್ನ ಸಿಲಿಂಡರ್ ಖಾಲಿ ಆದಾಗ ತೆಗೆದ್ರೆ ಸಾಕು. ಸಿಲಿಂಡರ್ ಖಾಲಿ ಆದಾಗ ನಿಮ್ಮ ಆಪೇ ನೆನಪಾಯ್ತಾ? ಆಯ್ತು ಅಂದ್ರೆ ಗೆದ್ರಿ.

ದುಡ್ಡು ಒಂದಕ್ಕೇ ಇದೆ, ಡಿಸೈನ್‌ಗೆ ಹಾಕ್ಲಾ ಮಾರ್ಕೆಟಿಂಗ್‌ಗೆ ಹಾಕ್ಲಾ?

ಡಿಸೈನ್‌ಗೆ. ನಾನು ಡಿಸೈನರ್ ಅದಕ್ಕೇ ಹೀಗಂತೀನಿ ಅಂದ್ಕೊಂಡ್ರೂ ಪರವಾಗಿಲ್ಲ, ಆದ್ರೆ ಕ್ವಿಬಿ ಕಥೆ ಕೇಳಿ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಬಂತು, ಫೋನ್‌ನಲ್ಲಿ ಹತ್ತು ನಿಮಿಷದೊಳಗೆ ನೋಡಿ ಮುಗಿಸೋ ವಿಡಿಯೋ, ಹಿಂದೆ 175 ಕೋಟಿ ಡಾಲರ್ ಹೂಡಿಕೆ, ಸೂಪರ್ ಬೌಲ್ ಅನ್ನೋ ಅಲ್ಲಿನ ಫುಟ್‌ಬಾಲ್ ಫೈನಲ್ ಮ್ಯಾಚ್ ಮಧ್ಯೆ ಜಾಹೀರಾತು. ಜನ ಎಲ್ಲ ಲಾಕ್‌ಡೌನ್‌ನಲ್ಲಿ ಮನೇಲಿ ಟೀವಿ ಮುಂದೆ ಕೂತಿದ್ರು, ಇವ್ರದ್ದು ಬಂದ ಹೊಸದ್ರಲ್ಲಿ ಟೀವೀಲಿ ಬರ್ತಾನೇ ಇರ್ಲಿಲ್ಲ. ಅದಕ್ಕಿಂತ ದೊಡ್ಡ ತಮಾಷೆ ಅಂದ್ರೆ ಶುರೂನಲ್ಲಿ ಸ್ಕ್ರೀನ್‌ಶಾಟ್ ತೆಗೆಯೋಕೂ ಬಿಡ್ತಿರ್ಲಿಲ್ಲ. ಒಂದು ಸೀನ್ ನೋಡಿ ನಕ್ಕು ಅದನ್ನ ಇನ್ನೊಬ್ರಿಗೆ ಕಳಿಸೋದೇ ಪುಕ್ಕಟೆ ಪ್ರಚಾರ, ಆ ದಾರಿಗೆ ತಾವೇ ಬೇಲಿ ಹಾಕ್ಕೊಂಡ್ರು. ಅದೇ ಡಿಸೆಂಬರ್‌ಗೆ ಬಾಗಿಲು ಹಾಕಿದ್ರು.

ಇದನ್ನ ನೋಡಿದ್ಮೇಲೆ ನಾನು ಡಿಸೈನ್ ಬೇರೆ ಮಾರ್ಕೆಟಿಂಗ್ ಬೇರೆ ಅಂತ ಎರಡು ಬಜೆಟ್ ಮಾಡೋರ ಹತ್ರ ಜಗಳಾನೇ ಆಡ್ತೀನಿ. ಒಬ್ಬ ಇನ್ನೊಬ್ಬನಿಗೆ "ಇದು ಹಾಕ್ಕೋ ಮಾರಾಯ" ಅಂತ ಹೇಳೋ ಕಾರಣ ಆಪ್ ಒಳಗೇ ಇರ್ಬೇಕು, ಅದನ್ನ ಹೊರಗಿಂದ ಅಂಟಿಸೋಕಾಗಲ್ಲ.

ಸ್ಟೋರ್‌ಗೆ ಹಾಕೋಕೆ ಎಷ್ಟು ಖರ್ಚಾಗುತ್ತೆ?

ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್. ನಮ್ಮ ಕಡೆ ಜನಕ್ಕಾದ್ರೆ ಆಂಡ್ರಾಯ್ಡ್‌ನಿಂದಲೇ ಶುರು ಮಾಡಿ. ಹೊಸದಾಗಿ ಪರ್ಸನಲ್ ಅಕೌಂಟ್ ತೆಗೆದಿದ್ರೆ ಆಪ್ ಪಬ್ಲಿಷ್ ಮಾಡೋ ಮೊದಲು 12 ಜನ ಸತತ 14 ದಿನ ಟೆಸ್ಟಿಂಗ್‌ನಲ್ಲಿ ಇರ್ಬೇಕು ಅಂತ ಪ್ಲೇ ರೂಲ್ಸ್ ಇದೆ. ಜನ ಇದನ್ನ ತಲೆನೋವು ಅಂದ್ಕೊಂಡು "ನೀನು ನನ್ನದು ಹಾಕ್ಕೋ ನಾನು ನಿನ್ನದು ಹಾಕ್ಕೋತೀನಿ" ಗ್ರೂಪ್‌ಗಳಿಗೆ ಓಡ್ತಾರೆ. ದಯವಿಟ್ಟು ಬೇಡ. ನಿಜವಾಗ್ಲೂ ಬಳಸೋ 12 ಜನ ಸಿಗ್ಲಿಲ್ಲ ಅಂದ್ರೆ 12 ಸಾವಿರ ಜನ ಎಲ್ಲಿಂದ ಸಿಗ್ತಾರೆ?

### ಡಿಸೈನ್ ವಿಚಾರ

ಡಿಸೈನ್ ಅಂದ್ರೆ ಕಲರ್, ಐಕಾನ್ ಎಲ್ಲ ಚೆನ್ನಾಗಿರೋದು ಅಲ್ವಾ?

ನಾನೂ ಹಾಗೇ ಅಂದ್ಕೊಂಡಿದ್ದೆ, ತಿಪಟೂರಲ್ಲಿ ಅಕ್ಕಿ ಮೂಟೆ ಮೇಲೆ ಕೂರೋವರೆಗೂ. ಕಿರಾಣಿ ಅಂಗಡಿಯವ್ರು ಉದ್ರಿ ಬರ್ಕೊಳ್ಳೋ ಒಂದು ಆಪ್‌ಗೆ ಡಿಸೈನ್ ಮಾಡಿದ್ದೆ, ಆಫೀಸಲ್ಲಿ ಎಲ್ರೂ ವಾವ್ ಅಂದಿದ್ರು. ಅಂಗಡೀಲಿ ಯಜಮಾನ್ರು ಕನ್ನಡಕನ ಹಣೆ ಮೇಲೆ ಏರಿಸ್ಕೊಂಡು, ಬೆಲ್ಲ ಮುರಿದು ಅಂಟಂಟಾಗಿದ್ದ ಬೆರಳನ್ನ ಪಂಚೆಗೆ ಒರೆಸ್ಕೊಂಡು ಫೋನ್ ಕೈಗೆ ತಗೊಂಡ್ರು. ಎದುರಿಗೆ ಮೂರು ಜನ ಗಿರಾಕಿ. ಕೆಳಗಡೆ ಮೂಲೇಲಿ ನಾನು ಪ್ರೀತಿಯಿಂದ ಇಟ್ಟಿದ್ದ ಹಸಿರು ಬಣ್ಣದ ದುಂಡನೆ ಪ್ಲಸ್ ಬಟನ್ ನೋಡಿ "ಇದೇನ್ ಸ್ವಾಮಿ, ಆಸ್ಪತ್ರೆ ಗುರ್ತಾ?" ಅಂದ್ರು. ನಾನು ವಿವರಿಸೋಕೆ ಬಾಯಿ ತೆಗೆಯೋದ್ರೊಳಗೆ ಫೋನ್‌ನ ತಕ್ಕಡಿ ಪಕ್ಕ ಇಟ್ಟು, ಕೆಂಪು ರಟ್ಟಿನ ಉದ್ದ ಪುಸ್ತಕ ಎಳೆದು ಒಂದು ಹೆಸರು, ಪಕ್ಕದಲ್ಲಿ 120 ಅಂತ ಗೀಚಿ ಮುಂದಿನ ಗಿರಾಕಿ ಕಡೆ ತಿರುಗಿದ್ರು. ನಾಲ್ಕು ಸೆಕೆಂಡ್ ಆಯ್ತೋ ಇಲ್ವೋ. ನಮ್ಮ ಆಪಲ್ಲಿ ಅದೇ ಕೆಲಸಕ್ಕೆ ಆರು ಸಲ ಒತ್ತಬೇಕಿತ್ತು.

ಅಲ್ಲಿವರೆಗೆ ನಮ್ಮ ಎದುರಾಳಿ ಇನ್ನೊಂದು ಕಂಪನಿ ಆಪ್ ಅಂದ್ಕೊಂಡಿದ್ವಿ, ಎದುರಾಳಿ ಆ ಪುಸ್ತಕ ಆಗಿತ್ತು. ವಾಪಸ್ ಬಂದು ಪ್ಲಸ್ ತೆಗೆದು "ಬರ್ಕೊಳ್ಳಿ" ಅಂತ ಅಕ್ಷರದಲ್ಲೇ ಹಾಕಿದ್ವಿ, ಆಪ್ ತೆಗೆದ ತಕ್ಷಣ ನಿನ್ನೆ ಮೊನ್ನೆ ಬಂದ ಗಿರಾಕಿಗಳ ಹೆಸರು, ಒತ್ತಿದ್ರೆ ಕ್ಯಾಲ್ಕುಲೇಟರ್ ಥರ ದಪ್ಪ ಅಂಕಿ, ಮುಗೀತು. ಅದರಲ್ಲಿ ನೋಡೋಕೆ ಚೆಂದ ಅನ್ನೋದು ಏನೂ ಇರ್ಲಿಲ್ಲ, ನನ್ನ ಪೋರ್ಟ್‌ಫೋಲಿಯೋದಲ್ಲಿ ಇವತ್ತಿಗೂ ಹಾಕಿಲ್ಲ.

ಬಟನ್ ಎಷ್ಟು ದೊಡ್ಡದಿರ್ಬೇಕು?

ಆಂಡ್ರಾಯ್ಡ್ ಲೆಕ್ಕದಲ್ಲಿ ಕನಿಷ್ಠ 48 ಡಿಪಿ, ಐಫೋನ್‌ನಲ್ಲಿ 44 ಪಾಯಿಂಟ್, ಎರಡೂ ಸ್ಕ್ರೀನ್ ಮೇಲಿನ ಅಳತೆಗಳು. 48 ಡಿಪಿ ಅಂದ್ರೆ ಸ್ಕ್ರೀನ್ ಮೇಲೆ ಸುಮಾರು 9 ಮಿಲಿಮೀಟರ್. ಮುಖ್ಯವಾದದ್ದನ್ನ ಕೆಳಗಿನ ಅರ್ಧದಲ್ಲಿಡಿ, ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ನಿಂತವ್ನ ಹೆಬ್ಬೆರಳು ಮೇಲ್ಗಡೆ ಮೂಲೆಗೆ ಎಟುಕಲ್ಲ.

ಮೊದಲ ಸಲ ತೆಗೆದಾಗ ಏನು ತೋರಿಸ್ಬೇಕು? ನಾವು 5 ಸ್ಲೈಡ್ ಪರಿಚಯ ಇಟ್ಟಿದೀವಿ

ಐದನ್ನೂ ಕಿತ್ತು ಹಾಕಿ. ಯಾರೂ ಓದಲ್ಲ, ಸರ್ರ್ ಅಂತ ಜಾರಿಸ್ಕೊಂಡು ಹೋಗ್ತಾರೆ. ವಾಟ್ಸಾಪ್ ಇದನ್ನ ಹೇಗೆ ಮಾಡ್ತು ನೋಡಿ, ಯೂಸರ್‌ನೇಮ್ ಇರ್ಲಿಲ್ಲ, ಪಾಸ್‌ವರ್ಡ್ ಇರ್ಲಿಲ್ಲ, ಫೋನ್ ನಂಬರೇ ಗುರುತಾಗಿತ್ತು. ಒಳಗೆ ಹೋದ್ರೆ ನಮ್ಮ ಫೋನ್‌ಬುಕ್‌ನಲ್ಲಿ ಯಾರ್ಯಾರು ಈಗಾಗ್ಲೇ ಇದಾರೋ ಅವ್ರೆಲ್ಲ ಕಾಣ್ತಿದ್ರು, ಅಂದ್ರೆ ಖಾಲಿ ಮನೆಗೆ ಹೋದ ಹಾಗೆ ಅನ್ನಿಸ್ಲೇ ಇಲ್ಲ. ನಮ್ಮಮ್ಮನಿಗೆ ಇಮೇಲ್ ಐಡಿ ಇರ್ಲಿಲ್ಲ, ವಾಟ್ಸಾಪ್ ಇತ್ತು. ಜಾನ್ ಕೌಮ್, ಬ್ರಯಾನ್ ಆ್ಯಕ್ಟನ್ 2009ರಲ್ಲಿ ಶುರು ಮಾಡಿದ್ದನ್ನ 2014ರಲ್ಲಿ ಫೇಸ್‌ಬುಕ್ 1900 ಕೋಟಿ ಡಾಲರ್‌ಗೆ ತಗೋತೀನಿ ಅಂದಾಗ ಬಳಸ್ತಿದ್ದವ್ರು 45 ಕೋಟಿ ಜನ, ಕೆಲಸ ಮಾಡ್ತಿದ್ದವ್ರು ಐವತ್ತು ಚಿಲ್ಲರೆ.

ಇನ್ನೊಂದು, ಆಪ್ ತೆಗೆದ ತಕ್ಷಣ ಲೊಕೇಶನ್ ಕೊಡಿ, ಕಾಂಟ್ಯಾಕ್ಟ್ ಕೊಡಿ, ಕ್ಯಾಮೆರಾ ಕೊಡಿ ಅಂತ ಸಾಲಾಗಿ ಕೇಳ್ಬೇಡಿ. ಫೋಟೋ ತೆಗೆಯೋ ಬಟನ್ ಒತ್ತಿದಾಗ ಕ್ಯಾಮೆರಾ ಕೇಳಿ, ಯಾಕೆ ಅಂತ ಅವ್ರಿಗೇ ಗೊತ್ತಿರುತ್ತೆ.

ಕನ್ನಡದಲ್ಲೇ ಆಪ್ ಮಾಡ್ತಿದೀವಿ, ಬರೀ ಟ್ರಾನ್ಸ್‌ಲೇಟ್ ಮಾಡಿದ್ರೆ ಸಾಕಲ್ವಾ?

ಸಾಕಾಗಲ್ಲ. ಮೊದಲನೇದು ಒತ್ತಕ್ಷರ. ಇಂಗ್ಲಿಷ್‌ಗೆ ಅಂತ ಇಟ್ಟ ಸಾಲಿನ ಎತ್ತರದಲ್ಲಿ ಕನ್ನಡ ಹಾಕಿದ್ರೆ ಕೆಳಗಿನ ಒತ್ತು ಕಟ್ ಆಗುತ್ತೆ. ನಮ್ಮ ಉದ್ರಿ ಆಪ್‌ನಲ್ಲೇ "ಲೆಕ್ಕ" ಅನ್ನೋದು ಒಂದು ಸಣ್ಣ ಫೋನ್‌ನಲ್ಲಿ "ಲೆಕ" ಆಗಿ, "ಅಕ್ಕ" ಅಂತ ಸೇವ್ ಮಾಡ್ಕೊಂಡಿದ್ದವ್ರೆಲ್ಲ "ಅಕ" ಆಗಿದ್ರು. ಬಟನ್ ಒಳಗೆ, ಟ್ಯಾಬ್ ಒಳಗೆ "ಸ್ತ್ರ", "ಕ್ಷ್ಮ", "ಟ್ಟು" ಇರೋ ಪದಗಳನ್ನ ಹಾಕಿ ಟೆಸ್ಟ್ ಮಾಡಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಪುಕ್ಕಟೆ ಸಿಗೋ ಫಾಂಟ್‌ಗಳು, ಬಾಲೂ ತಮ್ಮ ಹೆಡಿಂಗ್‌ಗೆ ಚೆನ್ನಾಗಿರುತ್ತೆ, ಉದ್ದ ಓದೋಕೆ ಅಲ್ಲ.

ಎರಡನೇದು ಪದ. ಮಷೀನ್‌ಗೆ ಕೊಟ್ಟು ತೆಗೆಸಿದ ಒಂದು ಟಿಕೆಟ್ ಆಪ್‌ನಲ್ಲಿ ಸೀಟ್ ಬುಕ್ ಮಾಡೋ ಬಟನ್ ಮೇಲೆ "ಈಗ ಪುಸ್ತಕ" ಅಂತ ಇತ್ತು, ಹೋಮ್ ಇರ್ಬೇಕಾದ ಕಡೆ "ಮನೆ". ಹಾಗಂತ ಅಚ್ಚಗನ್ನಡ ಮಾಡೋಕೆ ಹೋಗಿ "ಒಳನುಸುಳಿ" ಅಂತೆಲ್ಲ ಹಾಕಿದ್ರೂ ಜನ ಗಾಬರಿ ಆಗ್ತಾರೆ. ಲಾಗಿನ್, ಓಟಿಪಿ, ರೀಚಾರ್ಜ್ ಹಾಗೇ ಇರ್ಲಿ, ಎಲ್ರ ಬಾಯಲ್ಲೂ ಇರೋದು ಅದೇ. "ಸಲ್ಲಿಸಿ" ಸರ್ಕಾರಿ ಅರ್ಜಿ ನೆನಪಿಸುತ್ತೆ, "ಕಳ್ಸಿ" ಸಾಕು. ಒಂದು ಸಲ ಹುಬ್ಬಳ್ಳೀಲೂ ಒಂದು ಸಲ ಮಂಗಳೂರಲ್ಲೂ ತೋರಿಸಿ, ಮೈಸೂರಿನವ್ರು ಬರ್ದ ಕನ್ನಡ ಎಲ್ಲ ಕಡೆ ಸಲೀಸಾಗಿ ಇಳಿಯಲ್ಲ.

ಮೂರನೇದನ್ನ ಎಲ್ರೂ ಮರೀತಾರೆ, ಸರ್ಚ್. ಕನ್ನಡ ಓದೋರೆಲ್ಲ ಕನ್ನಡದಲ್ಲಿ ಟೈಪ್ ಮಾಡಲ್ಲ. ಬೆಂಡೆಕಾಯಿ ಹುಡುಕೋನು ಕನ್ನಡದಲ್ಲಿ ಹೊಡೀಬೋದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೀಬೋದು, ಇಲ್ಲ ಲೇಡೀಸ್ ಫಿಂಗರ್ ಅಂತ ಹೊಡೀಬೋದು, ಇಲ್ಲ ಮೈಕ್ ಒತ್ತಿ ಮಾತಾಡ್ಬೋದು. ನಾಲ್ಕಕ್ಕೂ ಬೆಂಡೆಕಾಯಿನೇ ಸಿಗ್ಬೇಕು.

ಆಪ್ ಸೈಜ್ ಜಾಸ್ತಿ ಆದ್ರೆ ನಿಜವಾಗ್ಲೂ ತೊಂದ್ರೆನಾ? ಈಗ ಎಲ್ರ ಹತ್ರ ಡೇಟಾ ಇದೆಯಲ್ಲ

ಡೇಟಾ ಇದೆ, ಫೋನಲ್ಲಿ ಜಾಗ ಇಲ್ಲ. ಗುಡ್ ಮಾರ್ನಿಂಗ್ ಹೂವಿನ ಫೋಟೋಗಳು ಎಲ್ಲ ತಿಂದ್ಬಿಟ್ಟಿರ್ತಾವೆ. ಸೈಜ್ 6 ಎಂಬಿ ಹೆಚ್ಚಾದಂಗೆಲ್ಲ ಇನ್‌ಸ್ಟಾಲ್ ಮಾಡೋರ ಪ್ರಮಾಣ ಶೇ 1ರಷ್ಟು ಇಳಿಯುತ್ತೆ ಅಂತ ಗೂಗಲ್ ಪ್ಲೇನವ್ರೇ ಹಿಂದೊಮ್ಮೆ ಹೇಳಿದ್ರು. ಕ್ರ್ಯಾಶ್ ವಿಷಯಾನೂ ಅಷ್ಟೇ, ದಿನದಲ್ಲಿ ಬಳಸೋರಲ್ಲಿ ಶೇ 1.09ಕ್ಕಿಂತ ಜಾಸ್ತಿ ಜನಕ್ಕೆ ಕ್ರ್ಯಾಶ್ ಆದ್ರೆ ಅಥವಾ ಶೇ 0.47ಕ್ಕಿಂತ ಜಾಸ್ತಿ ಜನಕ್ಕೆ ಆಪ್ ಗರ ಬಡಿದಂಗೆ ನಿಂತ್ರೆ ಪ್ಲೇ ಸ್ಟೋರ್ ನಿಮ್ಮನ್ನ ಹಿಂದಕ್ಕೆ ತಳ್ಬೋದು. ಆಮೇಲೆ ನೀವು ಎಷ್ಟೇ ಜಾಹೀರಾತು ಕೊಡಿ. ಒಂದು ಹಳೇ, ಅಗ್ಗದ ಫೋನ್ ತಂದು ಮೇಜಿನ ಮೇಲಿಟ್ಕೊಂಡು ಮೊದಲು ಅದರಲ್ಲಿ ಓಡಿಸಿ.

### ಮಾರ್ಕೆಟಿಂಗ್ ವಿಚಾರ

ಪ್ಲೇ ಸ್ಟೋರ್‌ನಲ್ಲಿ ಹುಡುಕಿದ್ರೆ ನಮ್ಮ ಆಪ್ ಬರೋದೇ ಇಲ್ಲ, ಏನ್ ಮಾಡೋದು?

ಹೆಸರಿಗೆ 30 ಅಕ್ಷರ, ಸಣ್ಣ ವಿವರಣೆಗೆ 80, ಉದ್ದದ್ದಕ್ಕೆ 4000, ಪ್ಲೇನಲ್ಲಿ ನಿಮಗೆ ಸಿಗೋ ಜಾಗ ಇಷ್ಟೇ. ಆಪಲ್‌ನಲ್ಲಿ ಹೆಸರು 30, ಉಪಶೀರ್ಷಿಕೆ 30, ಯಾರಿಗೂ ಕಾಣದ ಕೀವರ್ಡ್ ಜಾಗ 100. ಹೆಸರಲ್ಲಿ ಬ್ರ್ಯಾಂಡ್ ಜೊತೆಗೆ ಕೆಲಸಾನೂ ಇರ್ಲಿ, ಯಾಕಂದ್ರೆ ಜನ ಹುಡುಕೋದು ನಿಮ್ಮ ಹೆಸರನ್ನಲ್ಲ, "ಹಾಲಿನ ಲೆಕ್ಕ" ಅಂತ. "ನಂಬರ್ 1", "ಬೆಸ್ಟ್", "ಫ್ರೀ" ಅಂತ ಹೆಸರಲ್ಲಿ ತುರುಕೋದಕ್ಕೆ ಪ್ಲೇ ಬಿಡಲ್ಲ. ಕನ್ನಡಕ್ಕೆ ಅಂತಲೇ ಬೇರೆ ಲಿಸ್ಟಿಂಗ್, ಅಂದ್ರೆ ಸ್ಟೋರ್‌ನಲ್ಲಿ ಕಾಣೋ ಪುಟ, ಹಾಕೋಕೆ ಅವಕಾಶ ಇದೆ, ಹಾಕೋರು ಕಮ್ಮಿ. ಸ್ಕ್ರೀನ್‌ಶಾಟ್‌ಗಳಲ್ಲಿ ಮೊದಲ ಎರಡಕ್ಕೇ ಜೀವ ತೇಯಿರಿ, ಅವುಗಳಲ್ಲಿ ಲೋಗೋ, ಸ್ಲೋಗನ್ ಬೇಡ, ಆಪ್ ಮಾಡೋ ಕೆಲಸ ಕಾಣ್ಬೇಕು.

ದುಡ್ಡು ಕೊಟ್ರೆ 5 ಸ್ಟಾರ್ ರಿವ್ಯೂ ಹಾಕಿಸಿಕೊಡ್ತೀನಿ ಅಂತ ಒಬ್ಬ ಮೆಸೇಜ್ ಮಾಡಿದಾನೆ, ತಗೊಳ್ಲಾ?

ಬ್ಲಾಕ್ ಮಾಡಿ. ಎರಡೂ ಸ್ಟೋರ್‌ನಲ್ಲಿ ಅದು ರೂಲ್ಸ್‌ಗೆ ವಿರುದ್ಧ, ಆಪ್‌ನೇ ಕಿತ್ತು ಹಾಕ್ಬೋದು. ರೇಟಿಂಗ್ ಕೇಳೋಕೂ ಹೊತ್ತು ಗೊತ್ತು ಇದೆ, ಕೆಲಸ ಮುಗಿದು ಮನಸ್ಸು ಹಗುರ ಆದಾಗ ಕೇಳಿ, ಟಿಕೆಟ್ ಬುಕ್ ಆದ್ಮೇಲೆ, ಬಿಲ್ ಕಟ್ಟಿದ್ಮೇಲೆ. ಐಫೋನ್‌ನಲ್ಲಿ ಆ ರೇಟಿಂಗ್ ಡಬ್ಬಿ ಒಬ್ರಿಗೆ ವರ್ಷಕ್ಕೆ ಮೂರೇ ಸಲ ಕಾಣೋದು, ಸುಮ್ಮನೆ ಖರ್ಚು ಮಾಡ್ಕೋಬೇಡಿ. ಒಂದು ಸ್ಟಾರ್ ಕೊಟ್ಟು ಬೈದವ್ರಿಗೆ ಉತ್ತರ ಬರೀರಿ, ಸರಿ ಮಾಡಿ ಮತ್ತೆ ಬರೀರಿ, ಅವ್ರಲ್ಲೇ ಕೆಲವ್ರು ಬಂದು ಸ್ಟಾರ್ ಏರಿಸ್ತಾರೆ.

ರೆಫರ್ ಮಾಡಿದ್ರೆ 50 ರೂಪಾಯಿ ಅಂತ ಇಟ್ರೆ ಜನ ಬರ್ತಾರಾ?

50 ರೂಪಾಯಿಗೆ ಬರ್ತಾರೆ, 50 ರೂಪಾಯಿ ತಗೊಂಡು ಹೋಗ್ತಾರೆ. ಡ್ರಾಪ್‌ಬಾಕ್ಸ್ ಏನು ಮಾಡ್ತು ಅಂದ್ರೆ ದುಡ್ಡು ಕೊಡ್ಲಿಲ್ಲ, ಅದು ನೆಟ್‌ನಲ್ಲಿ ಫೈಲ್ ಇಟ್ಕೊಳ್ಳೋ ಆಪ್, ಆ ಜಾಗನೇ ಕೊಡ್ತು, ಕರ್ದವ್ನಿಗೂ ಬಂದವ್ನಿಗೂ ಸ್ಟೋರೇಜ್ ಹೆಚ್ಚು. 2008ರ ಸೆಪ್ಟೆಂಬರ್‌ನಲ್ಲಿ 1 ಲಕ್ಷ ಇದ್ದವ್ರು 15 ತಿಂಗಳಲ್ಲಿ 40 ಲಕ್ಷ ಆದ್ರು. ಜಾಗ ಬೇಕು ಅನ್ನೋನು ಆ ಆಪ್ ಬಳಸೋನೇ ಆಗಿರ್ತಾನೆ, ಅದೇ ಅದರ ಗುಟ್ಟು.

ದುಡ್ಡು ಕೊಟ್ಟೂ ಗೆದ್ದವ್ರು ಇದಾರೆ. ಗೂಗಲ್ 2017ರಲ್ಲಿ ತೇಜ್ ಅಂತ ದುಡ್ಡು ಕಳಿಸೋ ಆಪ್ ತಂದು ರೆಫರ್ ಮಾಡಿದ್ರೆ ಇಬ್ರಿಗೂ 51 ರೂಪಾಯಿ ಕೊಡ್ತಿತ್ತು, ಮುಯ್ಯಿ ಕವರ್‌ನಲ್ಲಿ ಹಾಕೋ ಹಾಗೆ ಒಂದು ರೂಪಾಯಿ ಸೇರಿಸಿ. ಮರುವರ್ಷ ಅದೇ ಗೂಗಲ್ ಪೇ ಆಯ್ತು. 2019ರ ದೀಪಾವಳಿ ನೆನಪಿರ್ಬೇಕು ನಿಮಗೆ, ಐದು ಸ್ಟ್ಯಾಂಪ್ ಕೂಡಿಸಿದ್ರೆ 251 ರೂಪಾಯಿ, ದೀಪ, ಹೂವು, ಝುಮ್ಕಿ, ಆಕಾಶಬುಟ್ಟಿ ಹೇಗೋ ಸಿಗ್ತಿತ್ತು, ರಂಗೋಲಿ ಮಾತ್ರ ಕೈಗೇ ಸಿಗ್ತಿರ್ಲಿಲ್ಲ. ಒಬ್ರಿಗೊಬ್ರು ಸ್ಟ್ಯಾಂಪ್ ಕೊಡೋ ಹಾಗೆ ಬೇರೆ ಮಾಡಿದ್ರು. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ವರ್ಷಗಟ್ಲೆ ಮಾತಾಡದ ದೊಡ್ಡಪ್ಪ "ಯಾರ ಹತ್ರ ಆದ್ರೂ ರಂಗೋಲಿ ಎಕ್ಸ್‌ಟ್ರಾ ಇದ್ಯಾ" ಅಂತ ಹಾಕಿದ್ರು! ಆದ್ರೆ ಸ್ಟ್ಯಾಂಪ್ ಸಿಗ್ಬೇಕಾದ್ರೆ ದುಡ್ಡು ಕಳಿಸ್ಬೇಕು, ಬಿಲ್ ಕಟ್ಬೇಕು, ಅಂದ್ರೆ ಆಟ ಆಡ್ತಾ ಆಡ್ತಾ ಯುಪಿಐ ಬಳಸೋ ಅಭ್ಯಾಸ ಕೈಗೆ ಹತ್ಕೊಂಡ್ಬಿಡ್ತು. ಗೂಗಲ್‌ನಷ್ಟು ದುಡ್ಡು ನಿಮ್ಮ ಹತ್ರ ಇಲ್ಲ, ಆ ಐಡಿಯಾ ಮಾತ್ರ ಕದಿಯೋಕಾಗುತ್ತೆ.

ಮಾರ್ಕೆಟಿಂಗ್‌ಗೆ ಒಂದು ರೂಪಾಯಿನೂ ಇಲ್ಲ ಅಂದ್ರೆ?

ಆಗ ನಿಮ್ಮ ಪರವಾಗಿ ಮಾತಾಡೋ ಜನ ಯಾರು ಅಂತ ಹುಡುಕಿ. ಬೆಂಗಳೂರಲ್ಲಿ 2022ರ ನವೆಂಬರ್‌ನಲ್ಲಿ ಬಂದ ನಮ್ಮ ಯಾತ್ರಿ ಅನ್ನೋ ಆಟೋ ಬುಕ್ ಮಾಡೋ ಆಪ್ ನೋಡಿ, ಜಸ್‌ಪೇ ಕಂಪನಿ ಆಟೋ ಚಾಲಕರ ಯೂನಿಯನ್ ಜೊತೆ ಸೇರ್ಕೊಂಡು ಮಾಡಿದ್ದು. ಕಮಿಷನ್ ಇಲ್ಲ, ಪ್ಯಾಸೆಂಜರ್ ಕೊಟ್ಟದ್ದು ಪೂರ್ತಿ ಡ್ರೈವರ್‌ಗೇ, ಆಮೇಲೆ ದಿನಕ್ಕೆ 25 ರೂಪಾಯಿ ಥರ ಚಂದಾ ಇಟ್ರು. ಇದರಲ್ಲಿ ಮಾರ್ಕೆಟಿಂಗ್ ಮಾಡಿದ್ದು ಡ್ರೈವರ್‌ಗಳೇ, "ಮೇಡಂ ಮುಂದಿನ ಸಲ ಇದರಲ್ಲಿ ಬುಕ್ ಮಾಡಿ, ನಮಗೆ ಕಟ್ ಆಗಲ್ಲ" ಅಂತ ಸಿಗ್ನಲ್‌ನಲ್ಲಿ ಹಿಂದೆ ತಿರುಗಿ ಹೇಳೋದು ಯಾವ ಹೋರ್ಡಿಂಗ್‌ಗೂ ಬರಲ್ಲ. ಆ ಮಾತು ಹುಟ್ಟಿದ್ದು ಕಮಿಷನ್ ಬೇಡ ಅನ್ನೋ ತೀರ್ಮಾನದಿಂದ, ಯಾವ ಆಡ್ ಏಜೆನ್ಸಿಯಿಂದಾನೂ ಅಲ್ಲ.

ಇನ್‌ಫ್ಲುಯೆನ್ಸರ್‌ಗೆ ದುಡ್ಡು ಕೊಟ್ಟು ರೀಲ್ ಮಾಡ್ಸಿದ್ರೆ?

ನಮ್ಮ ಒಬ್ಬ ಕ್ಲೈಂಟ್ ಮಾಡಿಸಿದ್ರು. ಗ್ರಾಫ್ ಎರಡು ದಿನ ಗೋಪುರದ ಥರ ಎದ್ದು ವಾರದೊಳಗೆ ಮತ್ತೆ ನೆಲಕ್ಕೆ. ಅಡುಗೆ ರೀಲ್ ನೋಡೋರಿಗೆ ಟ್ಯಾಕ್ಸ್ ಆಪ್ ತೋರಿಸಿದ್ರೆ ಇನ್ನೇನಾಗುತ್ತೆ. ಸಣ್ಣ ಅಕೌಂಟ್ ಆದ್ರೂ ಆ ವಿಷಯದವ್ರನ್ನೇ ಹಿಡೀರಿ, ಅವ್ರು ನಿಜವಾಗ್ಲೂ ಒಂದು ತಿಂಗಳು ಬಳಸಿದ್ಮೇಲೆ ಮಾತ್ರ ಮಾತಾಡಿಸಿ.

### ಸ್ವಲ್ಪ ಆಳಕ್ಕೆ ಇಳಿದ್ರೆ

ನೋಟಿಫಿಕೇಶನ್ ದಿನಕ್ಕೆ ಎಷ್ಟು ಕಳಿಸ್ಬೋದು?

ಎಷ್ಟು ಅಂತಲ್ಲ, ಆಪ್ ತೆಗೆಯದೇ ಇದ್ರೂ ಓದಿದವ್ನಿಗೆ ಏನಾದ್ರೂ ಸಿಗ್ತಾ ಅಂತ ನೋಡಿ. "ಶಿರಸಿ: ರಾಶಿ ಅಡಿಕೆ ಇವತ್ತಿನ ರೇಟ್ ಇಷ್ಟು, ನಿನ್ನೆಗಿಂತ ಇಷ್ಟು ಕಮ್ಮಿ" ಅಂತ ಬಂದ್ರೆ ದಿನಾ ಕಾಯ್ತಾರೆ. "ನಿಮ್ಮನ್ನ ಮಿಸ್ ಮಾಡ್ಕೊಂಡ್ವಿ 🥺" ಅಂತ ಬಂದ್ರೆ ಆಫ್ ಮಾಡ್ತಾರೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೇಳ್ಬೇಕು, ಒಂದು ಸಲ ಬೇಡ ಅಂದವ್ರನ್ನ ಮತ್ತೆ ಒಲಿಸೋದು ಭಾರಿ ಕಷ್ಟ.

ಜನ ಬಿಟ್ಟು ಹೋಗದಂಗೆ ಅಕೌಂಟ್ ಡಿಲೀಟ್ ಬಟನ್ ಬಚ್ಚಿಡ್ಬೋದಾ? ಬೇರೆಯವ್ರೆಲ್ಲ ಮಾಡ್ತಾರಲ್ಲ

ಇಡಬಾರ್ದು. ಆಪ್ ಒಳಗೆ ಅಕೌಂಟ್ ತೆರೆಯೋಕೆ ಬಿಟ್ರೆ ಅಲ್ಲೇ ಅಳಿಸೋಕೂ ದಾರಿ ಇರ್ಬೇಕು ಅಂತ ಆಪಲ್ 2022ರ ಜೂನ್ 30ರಿಂದ ಕಡ್ಡಾಯ ಮಾಡಿದೆ, ಪ್ಲೇನಲ್ಲೂ ಆ ನಿಯಮ ಬಂದಿದೆ. ನಮ್ಮ ದೇಶದಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್ ವಿರುದ್ಧ ಮಾರ್ಗಸೂಚಿ ತಂತು, 13 ಥರದ ಮೋಸದ ಡಿಸೈನ್ ಪಟ್ಟಿ ಮಾಡಿದೆ: ಸುಳ್ಳು ಅವಸರ ಹುಟ್ಟಿಸೋದು, ಕೇಳ್ದೇ ಬುಟ್ಟಿಗೆ ಸಾಮಾನು ಹಾಕೋದು, ಬೇಡ ಅಂದವ್ರಿಗೆ ನಾಚಿಕೆ ಆಗೋ ಹಾಗೆ ಬರೆಯೋದು, ಹೊರಗೆ ಹೋಗೋ ದಾರಿ ಸಿಗದ ಹಾಗೆ ಮಾಡೋದು ಎಲ್ಲ ಅದರಲ್ಲಿದೆ. ನಾನೂ ಹಿಂದೆ ಒಬ್ರು ಕ್ಲೈಂಟ್ ಹೇಳಿದ್ರು ಅಂತ "ಬೇಡ" ಬಟನ್‌ನ ತಿಳಿ ಬೂದು ಬಣ್ಣದಲ್ಲಿ ಮಾಡಿ ಕೊಟ್ಟಿದೀನಿ. ಕಸ್ಟಮರ್ ಕೇರ್‌ನಲ್ಲಿದ್ದ ಹುಡುಗಿ ಅದರ ಬೈಗುಳ ತಿಂದಳು, ನಾನಲ್ಲ.

ಅಷ್ಟು ಹವಾ ಇದ್ದೂ ಕೂ ಆಪ್ ಯಾಕೆ ಮುಚ್ಚೋಯ್ತು?

ಬೇಜಾರಿನ ವಿಷಯ, ಯಾಕಂದ್ರೆ ಟ್ವಿಟರ್ ಥರದ ಈ ಆಪ್ ನಮ್ಮ ಬೆಂಗಳೂರಿನದ್ದು, 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿದ್ದು. ಅದೇ ವರ್ಷ ಆತ್ಮನಿರ್ಭರ ಆಪ್ ಸ್ಪರ್ಧೇಲಿ ಬಹುಮಾನ, 2021ರಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ತಿಕ್ಕಾಟ ಆದಾಗ ಮಂತ್ರಿಗಳೆಲ್ಲ ಬಂದ್ರು, ಅವ್ರ ಹಿಂದೆ ಜನ ಬಂದ್ರು. ಬೇರೆ ಕಂಪನಿಗಳ ಜೊತೆ ಮಾತುಕತೆ ಮುರಿದು ಬಿದ್ದು 2024ರ ಜುಲೈನಲ್ಲಿ ನಿಲ್ಲಿಸಿದ್ರು.

ಡಿಸೈನ್ ಕೆಟ್ಟದಿರ್ಲಿಲ್ಲ, ಕನ್ನಡದಲ್ಲಿ ಬರೆಯೋಕೆ ಅದರಷ್ಟು ಸಲೀಸಾಗಿದ್ದದ್ದು ಕಮ್ಮಿ. ನನಗೆ ಅನ್ನಿಸೋದು, ಜನ ಇನ್ನೊಂದು ಆಪ್ ಮೇಲಿನ ಸಿಟ್ಟಿಗೆ, ಅಭಿಮಾನಕ್ಕೆ ಬಂದ್ರು. ಸಿಟ್ಟು ಇಳಿದ್ಮೇಲೆ ನೋಡಿದ್ರೆ ಅವ್ರು ಯಾರ ಜೊತೆ ವಾದ ಮಾಡ್ಬೇಕೋ ಅವ್ರೆಲ್ಲ ಹಳೇ ಕಡೆನೇ ಇದ್ರು. ಜಾತ್ರೆಗೆ ಹೋದ್ರೆ ಜನ ಇರ್ಬೇಕಲ್ಲ. ಮಾತಾಡೋ ಆಪ್‌ಗಳಿಗೆ ಈ ಕಷ್ಟ ಯಾವಾಗ್ಲೂ ಇದೆ, ಲೆಕ್ಕ ಬರ್ಕೊಳ್ಳೋ ಆಪ್‌ಗೆ ಇಲ್ಲ, ಅದನ್ನ ಒಬ್ನೇ ಬಳಸಿದ್ರೂ ಉಪಯೋಗ.

ಆಪ್ ವೈರಲ್ ಆಗೋ ಹಾಗೆ ಮಾಡೋಕಾಗುತ್ತಾ?

ಗ್ಯಾರಂಟಿ ಕೊಡೋನು ಸುಳ್ಳು ಹೇಳ್ತಿದಾನೆ. ವಿಯೆಟ್ನಾಂನ ಡಾಂಗ್ ನ್ಯುಯೆನ್ 2013ರ ಮೇನಲ್ಲಿ ಫ್ಲ್ಯಾಪಿ ಬರ್ಡ್ ಅನ್ನೋ ಮೊಬೈಲ್ ಗೇಮ್ ಬಿಟ್ಟಾಗ ತಿಂಗಳುಗಟ್ಲೆ ಕೇಳೋರಿರ್ಲಿಲ್ಲ. 2014ರ ಜನವರೀಲಿ ಇದ್ದಕ್ಕಿದ್ದ ಹಾಗೆ ಚಾರ್ಟ್‌ನ ತುದಿಗೆ, ಜಾಹೀರಾತಿಂದ ದಿನಕ್ಕೆ 50 ಸಾವಿರ ಡಾಲರ್ ಬರ್ತಿದೆ ಅಂತ ಅವ್ನೇ ಹೇಳಿದ. ಫೆಬ್ರವರೀಲಿ ತಡ್ಕೊಳ್ಳೋಕಾಗ್ತಿಲ್ಲ ಅಂತ ತಾನೇ ಸ್ಟೋರ್‌ನಿಂದ ತೆಗೆದ. ಅದರಲ್ಲಿ ಡಿಸೈನ್ ಪಾಠ ಒಂದಿದೆ: ಸೋತ ಮರುಕ್ಷಣವೇ ಮತ್ತೆ ಶುರು, ಮಧ್ಯೆ ಕಾಯೋದಿಲ್ಲ. ವೈರಲ್ ಆಗಿದ್ದು ಯಾಕೆ ಅಂತ ಮಾತ್ರ ಯಾರ್ಯಾರೋ ಏನೇನೋ ಹೇಳ್ತಾರೆ.

ಓಡ್ತಿಲ್ಲ ಅಂತ ಗೊತ್ತಾದ್ಮೇಲೆ ಆಪ್ ಮುಚ್ಚೋದು ಹೇಗೆ?

ಇದನ್ನ ಕೇಳೋರು ಕಮ್ಮಿ, ಅದಕ್ಕೇ ಕೊನೆಗಿಟ್ಟೆ. ಕನಿಷ್ಠ ಎರಡು ತಿಂಗಳು ಮುಂಚೆ ಆಪ್ ಒಳಗೇ ಹೇಳಿ, ದುಡ್ಡು ಕಟ್ಟಿದವ್ರಿಗೆ ಉಳಿದ ದಿನದ್ದು ವಾಪಸ್ ಕೊಡಿ, ಎಲ್ರಿಗೂ ಅವ್ರವ್ರ ಡೇಟಾ ಇಳಿಸ್ಕೊಳ್ಳೋಕೆ ಒಂದು ಬಟನ್ ಕೊಡಿ. ನಮ್ಮ ಉದ್ರಿ ಆಪ್ ಕೂಡ ಎರಡು ವರ್ಷಕ್ಕೆ ನಿಂತು ಹೋಯ್ತು, ಮಾಡಿದ ಕಂಪನಿಗೆ ದುಡ್ಡು ಮುಗೀತು. ಡೌನ್‌ಲೋಡ್ ಬಟನ್ ಎಕ್ಸೆಲ್ ಫೈಲ್ ಕೊಡ್ತಿತ್ತು. ತಿಪಟೂರಿನ ಯಜಮಾನ್ರು ಫೋನ್ ಮಾಡಿ "ಇದು ತೆಗೆಯೋಕೇ ಬರಲ್ಲ ಕಣಪ್ಪ" ಅಂದ್ರು. ನಾನೇ ಪ್ರಿಂಟ್ ತೆಗೆಸಿ ಕೊರಿಯರ್ ಮಾಡ್ದೆ, 14 ಹಾಳೆ. ಆಮೇಲೆ ನೋಡಿದ್ರೆ ಅದರ ಅಗತ್ಯಾನೇ ಇರ್ಲಿಲ್ಲ, ರಾತ್ರಿ ಅಂಗಡಿ ಬಾಗಿಲು ಹಾಕಿದ್ಮೇಲೆ ಅವ್ರ ಮಗ ದಿನಾ ಕೆಂಪು ಪುಸ್ತಕಕ್ಕೂ ಇಳಿಸ್ಕೊಳ್ತಿದ್ನಂತೆ.